ರಾಸಾಯನಿಕ ಬಂಧ ಮತ್ತು ಅನಿಲಗಳ ವರ್ತನೆ

ಪರಮಾಣುಗಳನ್ನು ಒಂದಕ್ಕೊಂದು ಜೋಡಿಸಿ ಅಣು, ಸ್ಫಟಿಕ ಅಥವಾ ಲೋಹವಾಗಿ ನಿಲ್ಲಿಸುವ ವಿದ್ಯುತ್ ಸೆಳೆತವೇ ರಾಸಾಯನಿಕ ಬಂಧ. ಕಣಗಳ ನಡುವಣ ಸೆಳೆತವನ್ನು ಅವುಗಳ ಚಲನೆ ಮೀರಿಸಿದಾಗ, ಸ್ವಂತ ಆಕಾರವಾಗಲಿ ಗಾತ್ರವಾಗಲಿ ಇಲ್ಲದೆ ತುಂಬಿಟ್ಟ ಪಾತ್ರೆಯನ್ನೆಲ್ಲ ವ್ಯಾಪಿಸುವ ದ್ರವ್ಯಸ್ಥಿತಿ ಅನಿಲ. ಪಠ್ಯಪುಸ್ತಕಗಳಲ್ಲಿ ಇವೆರಡೂ ಬೇರೆ ಬೇರೆ ಅಧ್ಯಾಯಗಳಾಗಿದ್ದರೂ ಎರಡನ್ನೂ ನಿರ್ಧರಿಸುವುದು ಒಂದೇ ಹೋಲಿಕೆ: ಸೆಳೆತದ ಶಕ್ತಿ ಎಷ್ಟು, ಉಷ್ಣಚಲನೆಯ ಶಕ್ತಿ ಎಷ್ಟು. 25° ಸೆ. ತಾಪದಲ್ಲಿ ಒಂದು ಮೋಲ್ ಅನಿಲದ ಅಣುಗಳ ಓಡಾಟದ ಶಕ್ತಿ ಸುಮಾರು 3.7 ಕಿಲೋಜೂಲ್. ನೈಟ್ರೊಜನ್ ಅಣುವಿನ ಒಳಗೆ ಎರಡು ಪರಮಾಣುಗಳನ್ನು ಹಿಡಿದಿರುವ ಬಂಧವನ್ನು ಮುರಿಯಲು ಮೋಲ್ ಒಂದಕ್ಕೆ 945 ಕಿಲೋಜೂಲ್ ಬೇಕು. ಅಂಥ ಎರಡು ಅಣುಗಳ ನಡುವಣ ಸೆಳೆತವಾದರೋ 1 ಕಿಲೋಜೂಲನ್ನೂ ಮುಟ್ಟುವುದಿಲ್ಲ. ಗಾಳಿ ಅನಿಲವಾಗಿ ಉಳಿದಿರುವುದಕ್ಕೂ ಅದರ ಅಣುಗಳು ಒಡೆಯದೆ ಇರುವುದಕ್ಕೂ ಈ ಮೂರು ಸಂಖ್ಯೆಗಳೇ ಕಾರಣ.

ಈ ಲೇಖನದಲ್ಲಿ ತಾಪ ಎಂದರೆ ಬಿಸಿಯ ಮಟ್ಟ, ಉಷ್ಣ ಎಂದರೆ ಸಾಗುವ ಶಕ್ತಿ, ಗಾತ್ರ ಎಂದರೆ ವಸ್ತು ಆಕ್ರಮಿಸುವ ಸ್ಥಳ. ಒಂದು ಮೋಲ್ ಎಂದರೆ 6.022 × 10²³ ಕಣಗಳಿರುವ ಪ್ರಮಾಣ. ಬಂಧಶಕ್ತಿ ಎಂದರೆ ಒಂದು ಮೋಲಿನಷ್ಟು ಬಂಧಗಳನ್ನು ಅನಿಲಸ್ಥಿತಿಯಲ್ಲಿ ಮುರಿಯಲು ತಗಲುವ ಶಕ್ತಿ.

ಹಿನ್ನೆಲೆ

ಅನಿಲಗಳ ಅಧ್ಯಯನ ಬಂಧದ ಅಧ್ಯಯನಕ್ಕಿಂತ ಹಳೆಯದು. 1643ರಲ್ಲಿ ಇಟಲಿಯ ಟೊರಿಸೆಲ್ಲಿ ವಾಯುಮಂಡಲದ ಒತ್ತಡ ಸುಮಾರು 76 ಸೆಂ.ಮೀ. ಎತ್ತರದ ಪಾದರಸವನ್ನು ಹೊತ್ತು ನಿಲ್ಲಿಸುತ್ತದೆಂದು ತೋರಿಸಿದ. ರಾಬರ್ಟ್ ಬಾಯ್ಲ್ 1662ರಲ್ಲಿ ಪ್ರಕಟಿಸಿದ ಪ್ರಯೋಗದ ಉಪಕರಣ ಒಂದು ಬಾಗಿದ ಗಾಜಿನ ಕೊಳವೆ. ಅದರ ಗಿಡ್ಡ ತೋಳಿನ ತುದಿ ಮುಚ್ಚಿತ್ತು, ಉದ್ದ ತೋಳು ತೆರೆದಿತ್ತು. ತೆರೆದ ಬಾಯಿಯಿಂದ ಪಾದರಸ ಸುರಿದಂತೆಲ್ಲ ಗಿಡ್ಡ ತೋಳಿನಲ್ಲಿ ಸಿಕ್ಕಿಕೊಂಡ ಗಾಳಿ ಕುಗ್ಗುತ್ತ ಹೋಯಿತು. ಎರಡು ತೋಳುಗಳ ಪಾದರಸ ಮಟ್ಟದ ಅಂತರ ಹೊರಗಿನ ವಾಯುಮಂಡಲದ ಒತ್ತಡಕ್ಕೆ ಸರಿಹೊಂದಿದಾಗ, ಅಂದರೆ ಒಳಗಿನ ಗಾಳಿಯ ಮೇಲಿನ ಒಟ್ಟು ಒತ್ತಡ ಇಮ್ಮಡಿಯಾದಾಗ, ಗಾಳಿಯ ಗಾತ್ರ ಸರಿಯಾಗಿ ಅರ್ಧಕ್ಕೆ ಇಳಿದಿತ್ತು. ಗಾತ್ರ ಮತ್ತು ತಾಪಗಳ ಸಂಬಂಧವನ್ನು ಫ್ರಾನ್ಸಿನ ಜಾಕ್ ಷಾರ್ಲ್ 1787ರ ಸುಮಾರಿಗೆ ಗುರುತಿಸಿದ್ದರೂ ಪ್ರಕಟಿಸಿರಲಿಲ್ಲ. ಗೇ-ಲ್ಯೂಸಾಕ್ 1802ರಲ್ಲಿ ಅದನ್ನು ಅಳತೆಗಳೊಡನೆ ಹೊರತಂದ.

ಬಂಧದ ಪ್ರಶ್ನೆ ಅನಿಲಗಳ ಮೂಲಕವೇ ತಲೆಯೆತ್ತಿತು. ಎರಡು ಪಾಲು ಗಾತ್ರದ ಹೈಡ್ರೊಜನ್ (ಜಲಜನಕ) ಒಂದು ಪಾಲು ಆಕ್ಸಿಜನ್ (ಆಮ್ಲಜನಕ) ಜೊತೆ ಸೇರಿದರೆ ಎರಡು ಪಾಲು ನೀರಾವಿ ಬರುತ್ತದೆ. ಅನಿಲಗಳು ಯಾವಾಗಲೂ ಇಂಥ ಸರಳ ಗಾತ್ರಾನುಪಾತದಲ್ಲಿ ಕೂಡುತ್ತವೆಂದು ಗೇ-ಲ್ಯೂಸಾಕ್ 1808ರಲ್ಲಿ ಹೇಳಿದ. ಒಂದೇ ತಾಪ, ಒಂದೇ ಒತ್ತಡದಲ್ಲಿರುವ ಸಮಗಾತ್ರದ ಅನಿಲಗಳಲ್ಲಿ ಅಣುಗಳ ಸಂಖ್ಯೆ ಸಮ ಎಂಬುದು ಅವೊಗಾಡ್ರೊ 1811ರಲ್ಲಿ ಮುಂದಿಟ್ಟ ಊಹೆ. ಇದನ್ನು ಒಪ್ಪಿದರೆ ಆಕ್ಸಿಜನ್ನಿನ ಒಂದು ಅಣು ಎರಡಾಗಿ ಒಡೆದು ನೀರಿನ ಎರಡು ಅಣುಗಳಿಗೆ ಹಂಚಿಹೋಗಬೇಕು. ಎಂದರೆ ಆಕ್ಸಿಜನ್ ಅಣುವಿನಲ್ಲಿ ಒಂದೇ ಬಗೆಯ ಎರಡು ಪರಮಾಣುಗಳು ಜೋಡಿಯಾಗಿರಬೇಕು.

ಅಂದಿನ ರಸಾಯನವಿಜ್ಞಾನಿಗಳಿಗೆ ಇದು ಒಪ್ಪಿಗೆಯಾಗಲಿಲ್ಲ. ಒಂದೇ ಬಗೆಯ ಪರಮಾಣುಗಳು ಒಂದನ್ನೊಂದು ದೂಡುತ್ತವೆಂದು ಡಾಲ್ಟನ್ ನಂಬಿದ್ದ. ಸ್ವೀಡನ್ನಿನ ಬರ್ಜೀಲಿಯಸ್ ಪ್ರಕಾರ ಬಂಧವೆಂದರೆ ಧನ ಮತ್ತು ಋಣ ವಿದ್ಯುದಂಶಗಳ ಸೆಳೆತ. ಎರಡು ಆಕ್ಸಿಜನ್ ಪರಮಾಣುಗಳಲ್ಲಿ ಯಾವುದು ಧನ, ಯಾವುದು ಋಣ? ಅನಿಲಗಳ ಅಳತೆ ಹೇಳುತ್ತಿದ್ದುದನ್ನು ಬಂಧದ ಸಿದ್ಧಾಂತ ಸುಮಾರು ಐದು ದಶಕ ತಡೆಹಿಡಿಯಿತು. ನೀರಿನ ಅಣುವಿನಲ್ಲಿ ಒಂದು ಹೈಡ್ರೊಜನ್ನೋ ಎರಡೋ ಎಂಬ ವಿಷಯದಲ್ಲೂ ಒಮ್ಮತವಿರಲಿಲ್ಲ. ಕ್ಯಾನಿಜ಼ಾರೊ 1858ರಲ್ಲಿ ಅವೊಗಾಡ್ರೊನ ಊಹೆಯನ್ನು ಆಧಾರವಾಗಿಟ್ಟುಕೊಂಡು ಪರಮಾಣು ತೂಕಗಳನ್ನು ಕ್ರಮಬದ್ಧವಾಗಿ ಕಂಡುಹಿಡಿಯುವ ದಾರಿ ತೋರಿಸಿದ. 1860ರ ಕಾರ್ಲ್ಸ್‌ರೂ ಸಮ್ಮೇಳನದಲ್ಲಿ ಅವನ ಪ್ರಬಂಧದ ಪ್ರತಿಗಳು ಹಂಚಿಕೆಯಾದ ಮೇಲೆ ಈ ಗೊಂದಲ ತಿಳಿಯಾಯಿತು.

ಇತ್ತ ಫ್ರಾಂಕ್‌ಲೆಂಡ್ 1852ರಲ್ಲಿ, ಪ್ರತಿ ಧಾತುವಿಗೂ ಗೊತ್ತಾದ ಸಂಯೋಗ ಸಾಮರ್ಥ್ಯ ಅಂದರೆ ವೇಲೆನ್ಸಿ ಇದೆಯೆಂದು ಸೂಚಿಸಿದ್ದ. ಕಾರ್ಬನ್ನಿನ (ಇಂಗಾಲ) ವೇಲೆನ್ಸಿ ನಾಲ್ಕೆಂದು 1858ರಲ್ಲಿ ಕೆಕುಲೆ ಮತ್ತು ಕೂಪರ್ ಸ್ವತಂತ್ರವಾಗಿ ಸಾಧಿಸಿದರು. ಆ ನಾಲ್ಕು ಬಂಧಗಳು ಚತುರ್ಮುಖಿಯ ಮೂಲೆಗಳತ್ತ ಚಾಚಿವೆಯೆಂದು 1874ರಲ್ಲಿ ವಾಂಟ್ ಹಾಫ್ ಮತ್ತು ಲ ಬೆಲ್ ಹೇಳಿದರು. ಆದರೆ ಬಂಧ ಯಾವುದರಿಂದ ಆಗಿದೆ ಎಂಬುದಕ್ಕೆ ಉತ್ತರ ಸಿಗಲು 1897ರಲ್ಲಿ ಎಲೆಕ್ಟ್ರಾನು ಪತ್ತೆಯಾಗಬೇಕಾಯಿತು. 1916ರಲ್ಲಿ ಜರ್ಮನಿಯ ಕೊಸೆಲ್ ಎಲೆಕ್ಟ್ರಾನಿನ ವರ್ಗಾವಣೆಯಿಂದಾಗುವ ಬಂಧವನ್ನೂ ಅಮೆರಿಕದ ಜಿ. ಎನ್. ಲೂಯಿಸ್ ಎಲೆಕ್ಟ್ರಾನು ಜೋಡಿಯ ಹಂಚಿಕೆಯಿಂದಾಗುವ ಬಂಧವನ್ನೂ ವಿವರಿಸಿದರು. ಬರ್ಜೀಲಿಯಸ್‌ಗೆ ತೊಡಕಾಗಿದ್ದ ಆಕ್ಸಿಜನ್ ಜೋಡಿಗೆ ಲೂಯಿಸ್‌ನ ಹಂಚಿಕೆಯಲ್ಲಿ ಪರಿಹಾರ ಸಿಕ್ಕಿತು. 1927ರಲ್ಲಿ ಹೈಟ್ಲರ್ ಮತ್ತು ಲಂಡನ್ ಕ್ವಾಂಟಮ್ ಸಿದ್ಧಾಂತವನ್ನು ಹೈಡ್ರೊಜನ್ ಅಣುವಿಗೆ ಅನ್ವಯಿಸಿ ಬಂಧದ ಶಕ್ತಿಯನ್ನು ಲೆಕ್ಕದಿಂದಲೇ ಪಡೆದರು. ಮುಂದೆ ಲೈನಸ್ ಪೌಲಿಂಗ್ ಈ ವಿಚಾರವನ್ನು ವೇಲೆನ್ಸಿ ಬಂಧ ಸಿದ್ಧಾಂತವಾಗಿಯೂ ಹುಂಡ್ ಮತ್ತು ಮಲಿಕನ್ ಇನ್ನೊಂದು ದಾರಿಯಲ್ಲಿ, ಎಲೆಕ್ಟ್ರಾನುಗಳು ಇಡೀ ಅಣುವಿಗೆ ಸೇರಿದವೆಂದು ಭಾವಿಸುವ ಅಣುಕಕ್ಷಕ ಸಿದ್ಧಾಂತವಾಗಿಯೂ ಬೆಳೆಸಿದರು. ಪೌಲಿಂಗ್‌ಗೆ 1954ರಲ್ಲೂ ಮಲಿಕನ್‌ಗೆ 1966ರಲ್ಲೂ ನೊಬೆಲ್ ಪ್ರಶಸ್ತಿ ಬಂದಿತು.

ಬಂಧ ಉಂಟಾಗುವ ಬಗೆ

ಎರಡು ಹೈಡ್ರೊಜನ್ ಪರಮಾಣುಗಳು ದೂರದಲ್ಲಿದ್ದಾಗ ಒಂದರ ಪ್ರಭಾವ ಇನ್ನೊಂದರ ಮೇಲೆ ಇಲ್ಲ. ಹತ್ತಿರ ಬಂದಂತೆ ಪ್ರತಿಯೊಂದರ ಬೀಜಕೇಂದ್ರವೂ ಇನ್ನೊಂದರ ಎಲೆಕ್ಟ್ರಾನನ್ನು ಸೆಳೆಯುತ್ತದೆ, ವ್ಯವಸ್ಥೆಯ ಶಕ್ತಿ ಇಳಿಯುತ್ತದೆ. ತೀರ ಹತ್ತಿರವಾದರೆ ಬೀಜಕೇಂದ್ರಗಳು ಒಂದನ್ನೊಂದು ದೂಡಿ ಶಕ್ತಿ ಮತ್ತೆ ಏರುತ್ತದೆ. ಈ ಇಳಿತ ಮತ್ತು ಏರಿಕೆಗಳ ನಡುವೆ ಶಕ್ತಿ ಅತಿ ಕಡಿಮೆ ಇರುವ ಅಂತರವೇ ಬಂಧದೂರ. ಹೈಡ್ರೊಜನ್ನಿನಲ್ಲಿ ಅದು 74 ಪಿಕೋಮೀಟರ್ (ಒಂದು ಪಿಕೋಮೀಟರ್ ಎಂದರೆ ಮೀಟರಿನ ಲಕ್ಷ ಕೋಟಿಯಲ್ಲಿ ಒಂದು ಭಾಗ), ಬಂಧಶಕ್ತಿ 436 ಕಿಲೋಜೂಲ್.

ಬಂಧ ಕೂಡುವಾಗ ಶಕ್ತಿ ಹೊರಬೀಳುತ್ತದೆ, ಮುರಿಯುವಾಗ ಶಕ್ತಿ ಖರ್ಚಾಗುತ್ತದೆ, ಇದಕ್ಕೆ ಅಪವಾದವಿಲ್ಲ. ಇಂಧನದ ಬಂಧಗಳು ಒಡೆದಾಗ ಶಕ್ತಿ ಬಿಡುಗಡೆಯಾಗುತ್ತದೆ ಎಂಬ ರೂಢಿಯ ಮಾತು ತಪ್ಪು. ಗೋಬರ್ ಗ್ಯಾಸಿನ ಮುಖ್ಯ ಅಂಶವಾದ ಮೀಥೇನಿನ ದಹನದಲ್ಲಿ ಇದನ್ನು ಲೆಕ್ಕಹಾಕಿ ನೋಡಬಹುದು. ಒಂದು ಮೋಲ್ ಮೀಥೇನಿನ ನಾಲ್ಕು ಕಾರ್ಬನ್–ಹೈಡ್ರೊಜನ್ ಬಂಧಗಳನ್ನು ಮುರಿಯಲು 1,652 ಕಿಲೋಜೂಲ್, ಅದರೊಡನೆ ಉರಿಯುವ ಎರಡು ಮೋಲ್ ಆಕ್ಸಿಜನ್ನಿನ ಬಂಧಗಳನ್ನು ಮುರಿಯಲು 996 ಕಿಲೋಜೂಲ್, ಒಟ್ಟು 2,648 ಕಿಲೋಜೂಲ್ ಬೇಕು. ಉತ್ಪನ್ನಗಳಲ್ಲಿ ಕಾರ್ಬನ್ ಡೈಆಕ್ಸೈಡಿನ ಎರಡು ದ್ವಿಬಂಧಗಳು 1,598 ಕಿಲೋಜೂಲನ್ನೂ ನೀರಿನ ನಾಲ್ಕು ಬಂಧಗಳು 1,852 ಕಿಲೋಜೂಲನ್ನೂ ಬಿಡುತ್ತವೆ. ಪಡೆದ 3,450ರಲ್ಲಿ ಕೊಟ್ಟ 2,648 ಕಳೆದರೆ ಉಳಿಯುವ ಸುಮಾರು 800 ಕಿಲೋಜೂಲ್ ಒಲೆಯ ಶಾಖ. ಹಳೆಯ ಬಂಧಗಳಿಗಿಂತ ಹೊಸವು ಗಟ್ಟಿಯಾಗಿರುವುದರಿಂದ ಉಳಿತಾಯವಾದ ಶಕ್ತಿ ಇದು.

ಯಾವ ಪರಮಾಣು ಎಷ್ಟು ಬಂಧಗಳನ್ನು ಮಾಡುತ್ತದೆ ಎಂಬುದು ಅದರ ಹೊರಕವಚದ ಎಲೆಕ್ಟ್ರಾನುಗಳನ್ನು ಅವಲಂಬಿಸಿದೆ. ಹೊರಕವಚದಲ್ಲಿ ಎಂಟು ಎಲೆಕ್ಟ್ರಾನುಗಳು ತುಂಬುವಂತೆ ಬಂಧಗಳಾಗುತ್ತವೆ ಎಂಬ ಅಷ್ಟಕ ನಿಯಮ ಹಗುರ ಧಾತುಗಳಿಗೆ ಒಳ್ಳೆಯ ಕೈಪಿಡಿ. ಪ್ರಕೃತಿ ನಿಯಮವೆಂದು ಅದನ್ನು ಭಾವಿಸಬಾರದು. ಬೋರಾನ್ ಟ್ರೈಫ್ಲೋರೈಡಿನಲ್ಲಿ ಬೋರಾನಿನ ಸುತ್ತ ಆರು, ಸಲ್ಫರ್ ಹೆಕ್ಸಾಫ್ಲೋರೈಡಿನಲ್ಲಿ ಗಂಧಕದ ಸುತ್ತ ಹನ್ನೆರಡು ಎಲೆಕ್ಟ್ರಾನುಗಳನ್ನು ಎಣಿಸಬೇಕಾಗುತ್ತದೆ. ನೈಟ್ರಿಕ್ ಆಕ್ಸೈಡಿನಲ್ಲಿ ಒಟ್ಟು ಎಲೆಕ್ಟ್ರಾನುಗಳ ಸಂಖ್ಯೆಯೇ ಬೆಸ.

ಬಂಧದ ಪ್ರಕಾರಗಳು

ಅಯಾನಿಕ ಬಂಧ: ಒಂದು ಪರಮಾಣು ಎಲೆಕ್ಟ್ರಾನನ್ನು ಕಳೆದುಕೊಂಡು ಧನ ಅಯಾನಾಗಿ, ಇನ್ನೊಂದು ಅದನ್ನು ಪಡೆದು ಋಣ ಅಯಾನಾಗಿ, ಅವುಗಳ ಪರಸ್ಪರ ಸೆಳೆತದಿಂದ ಆಗುವ ಬಂಧ. ಸೋಡಿಯಮ್ ಪರಮಾಣುವಿನಿಂದ ಎಲೆಕ್ಟ್ರಾನು ತೆಗೆಯಲು ಮೋಲಿಗೆ 496 ಕಿಲೋಜೂಲ್ ಬೇಕು. ಕ್ಲೋರಿನ್ ಅದನ್ನು ಪಡೆದಾಗ ಬರುವುದು 349 ಮಾತ್ರ. ಬರೀ ಕೊಡುಕೊಳ್ಳುವಿಕೆಯ ಲೆಕ್ಕದಲ್ಲಿ ಇದು ನಷ್ಟ. ಅಯಾನುಗಳು ಒಟ್ಟುಗೂಡಿ ಸ್ಫಟಿಕ ಜಾಲ ಕಟ್ಟುವಾಗ ಬಿಡುಗಡೆಯಾಗುವ 787 ಕಿಲೋಜೂಲ್ ಈ ನಷ್ಟವನ್ನು ತುಂಬಿ ಮಿಕ್ಕುತ್ತದೆ. ಆದ್ದರಿಂದ ಅಡುಗೆ ಉಪ್ಪು ಸ್ಥಿರವಾಗಿರಲು ಕಾರಣ ಅಷ್ಟಕ ತುಂಬಿದ್ದಲ್ಲ, ಜಾಲ ಕಟ್ಟಿದ್ದು. ಉಪ್ಪಿನ ಹರಳಿನಲ್ಲಿ ಪ್ರತಿ ಸೋಡಿಯಮ್ ಅಯಾನಿನ ಸುತ್ತ ಆರು ಕ್ಲೋರೈಡ್ ಅಯಾನುಗಳೂ ಪ್ರತಿ ಕ್ಲೋರೈಡಿನ ಸುತ್ತ ಆರು ಸೋಡಿಯಮ್ ಅಯಾನುಗಳೂ ಇವೆ. ಬ್ರ್ಯಾಗ್ ತಂದೆ ಮಗ 1913ರಲ್ಲಿ ಎಕ್ಸ್-ಕಿರಣಗಳಿಂದ ಇದನ್ನು ತೋರಿಸಿದರು. ಹರಳಿನಲ್ಲಿ ಸೋಡಿಯಮ್ ಕ್ಲೋರೈಡಿನ ಪ್ರತ್ಯೇಕ ಅಣುವೆಂಬುದೇ ಇಲ್ಲ. ಅಯಾನಿಕ ಘನಗಳು ಹೆಚ್ಚಿನ ತಾಪದಲ್ಲಿ ಕರಗುತ್ತವೆ (ಉಪ್ಪು 801° ಸೆ.ನಲ್ಲಿ), ಪೆಟ್ಟಿಗೆ ಸೀಳುತ್ತವೆ, ಘನರೂಪದಲ್ಲಿ ವಿದ್ಯುತ್ತನ್ನು ಹರಿಯಗೊಡದೆ ದ್ರವವಾದಾಗ ಅಥವಾ ನೀರಿನಲ್ಲಿ ಕರಗಿದಾಗ ಹರಿಯಗೊಡುತ್ತವೆ.

ಸಹವೇಲೆನ್ಸೀಯ ಬಂಧ: ಎರಡು ಪರಮಾಣುಗಳು ಎಲೆಕ್ಟ್ರಾನು ಜೋಡಿಯನ್ನು ಹಂಚಿಕೊಳ್ಳುವುದರಿಂದ ಆಗುವ ಬಂಧ. ಹಂಚಿಕೊಂಡ ಜೋಡಿ ಒಂದಾದರೆ ಏಕಬಂಧ, ಎರಡಾದರೆ ದ್ವಿಬಂಧ, ಮೂರಾದರೆ ತ್ರಿಬಂಧ. ಜೋಡಿಗಳು ಹೆಚ್ಚಿದಂತೆ ಬಂಧ ಗಿಡ್ಡವೂ ಗಟ್ಟಿಯೂ ಆಗುತ್ತದೆ: ಕಾರ್ಬನ್–ಕಾರ್ಬನ್ ಬಂಧದೂರ ಏಕಬಂಧದಲ್ಲಿ 154, ದ್ವಿಬಂಧದಲ್ಲಿ 134, ತ್ರಿಬಂಧದಲ್ಲಿ 120 ಪಿಕೋಮೀಟರ್. ಜೋಡಿಯ ಎರಡೂ ಎಲೆಕ್ಟ್ರಾನುಗಳನ್ನು ಒಂದೇ ಪರಮಾಣು ಒದಗಿಸಿದರೆ ಅದು ದಾತೃ ಬಂಧ. ವಜ್ರದಲ್ಲಿ ಸಹವೇಲೆನ್ಸೀಯ ಬಂಧ ಹರಳಿನ ಉದ್ದಗಲಕ್ಕೂ ಹಬ್ಬಿರುವುದರಿಂದ ಇಡೀ ವಜ್ರ ಒಂದೇ ಅಣು. ಗ್ರಾಫೈಟಿನಲ್ಲಿ ಪದರದೊಳಗೆ ಪರಮಾಣುಗಳ ಅಂತರ 142, ಪದರಗಳ ನಡುವೆ 335 ಪಿಕೋಮೀಟರ್. ಪೆನ್ಸಿಲ್ ಕಾಗದದ ಮೇಲೆ ಗೆರೆ ಮೂಡಿಸುವುದು ಈ ಪದರಗಳು ಸುಲಭವಾಗಿ ಕಳಚಿಕೊಳ್ಳುವುದರಿಂದ.

ಹಂಚಿಕೆ ಯಾವಾಗಲೂ ಸಮನಾಗಿರುವುದಿಲ್ಲ. ಬಂಧದ ಎಲೆಕ್ಟ್ರಾನುಗಳನ್ನು ತನ್ನತ್ತ ಎಳೆದುಕೊಳ್ಳುವ ಪರಮಾಣುವಿನ ಸಾಮರ್ಥ್ಯವೇ ವಿದ್ಯುದೃಣತೆ. ಪೌಲಿಂಗ್ 1932ರಲ್ಲಿ ರೂಪಿಸಿದ ಅಳತೆಯ ಇಂದಿನ ಬೆಲೆಗಳಲ್ಲಿ ಫ್ಲೋರಿನ್ 3.98, ಆಕ್ಸಿಜನ್ 3.44, ಕಾರ್ಬನ್ 2.55, ಹೈಡ್ರೊಜನ್ 2.20, ಸೋಡಿಯಮ್ 0.93. ಎರಡು ಪರಮಾಣುಗಳ ವಿದ್ಯುದೃಣತೆಯ ಅಂತರ ಹೆಚ್ಚಿದಂತೆ ಬಂಧ ಧ್ರುವೀಯವಾಗುತ್ತ (ಒಂದು ತುದಿ ತುಸು ಧನ, ಇನ್ನೊಂದು ತುಸು ಋಣ) ಕೊನೆಗೆ ಅಯಾನಿಕವಾಗುತ್ತದೆ. ಅಯಾನಿಕ, ಸಹವೇಲೆನ್ಸೀಯ ಎಂಬ ವಿಂಗಡಣೆಯ ನಡುವೆ ಕಡಿದ ಗಡಿಯಿಲ್ಲ.

ಲೋಹೀಯ ಬಂಧ: ಲೋಹದಲ್ಲಿ ಹೊರಕವಚದ ಎಲೆಕ್ಟ್ರಾನುಗಳು ಯಾವ ಒಂದು ಪರಮಾಣುವಿಗೂ ಸೇರದೆ ಇಡೀ ತುಂಡಿನಲ್ಲಿ ಹರಡಿಕೊಂಡು ಧನ ಅಯಾನುಗಳನ್ನು ಹಿಡಿದಿಡುತ್ತವೆ. ಈ ಎಲೆಕ್ಟ್ರಾನುಗಳನ್ನು 1900ರಲ್ಲಿ ಡ್ರೂಡ್ ಒಂದು ಅನಿಲವೆಂದೇ ಭಾವಿಸಿ ಲೋಹಗಳ ವಿದ್ಯುದ್ವಾಹಕತೆಯನ್ನು ವಿವರಿಸಿದ. ಬಂಧಕ್ಕೆ ನಿರ್ದಿಷ್ಟ ದಿಕ್ಕಿಲ್ಲದ ಕಾರಣ ಲೋಹವನ್ನು ತಗಡಾಗಿ ಬಡಿಯಬಹುದು, ತಂತಿಯಾಗಿ ಎಳೆಯಬಹುದು. ಬಂಧದ ಬಲ ಲೋಹದಿಂದ ಲೋಹಕ್ಕೆ ಬಹಳ ಬೇರೆ: ಪಾದರಸ −39° ಸೆ.ನಲ್ಲಿ, ಟಂಗ್‌ಸ್ಟನ್ 3,422° ಸೆ.ನಲ್ಲಿ ಕರಗುತ್ತವೆ.

ಅಣುಗಳ ಆಕಾರ

ಕೇಂದ್ರ ಪರಮಾಣುವಿನ ಸುತ್ತಲಿನ ಎಲೆಕ್ಟ್ರಾನು ಜೋಡಿಗಳು ಸಾಧ್ಯವಾದಷ್ಟು ದೂರ ದೂರ ನಿಲ್ಲುತ್ತವೆ ಎಂಬ ತತ್ತ್ವದಿಂದ ಅಣುವಿನ ಆಕಾರವನ್ನು ಊಹಿಸಬಹುದು. ಗಿಲೆಸ್ಪಿ ಮತ್ತು ನೈಹೋಮ್ 1957ರಲ್ಲಿ ಇದನ್ನು ವ್ಯವಸ್ಥಿತವಾಗಿ ನಿರೂಪಿಸಿದರು. ಮೀಥೇನಿನಲ್ಲಿ ಬಂಧಕೋನ 109.5°. ಅಮೋನಿಯದಲ್ಲಿ ಬಂಧದಲ್ಲಿ ತೊಡಗದ ಒಂದು ಜೋಡಿ ಹೆಚ್ಚು ಜಾಗ ಹಿಡಿಯುವುದರಿಂದ ಕೋನ 107°ಗೆ, ಅಂಥ ಎರಡು ಜೋಡಿಗಳಿರುವ ನೀರಿನಲ್ಲಿ 104.5°ಗೆ ಇಳಿಯುತ್ತದೆ. ಕಾರ್ಬನ್ ಡೈಆಕ್ಸೈಡ್ ನೇರ ಅಣು. ಅದರ ಎರಡು ಬಂಧಗಳೂ ಧ್ರುವೀಯವಾಗಿದ್ದರೂ ವಿರುದ್ಧ ದಿಕ್ಕಿಗೆ ಇರುವುದರಿಂದ ಅಣು ಒಟ್ಟಾರೆ ಧ್ರುವೀಯವಲ್ಲ. ನೀರಿನ ಅಣು ಬಾಗಿರುವುದರಿಂದ ಧ್ರುವೀಯ.

ಎಲೆಕ್ಟ್ರಾನು ಜೋಡಿಯ ಸರಳ ಚಿತ್ರ ಸೋಲುವ ಪ್ರಸಿದ್ಧ ಉದಾಹರಣೆ ಆಕ್ಸಿಜನ್. ದ್ರವ ಆಕ್ಸಿಜನ್ನನ್ನು ಬಲವಾದ ಅಯಸ್ಕಾಂತದ ಎರಡು ಧ್ರುವಗಳ ನಡುವೆ ಸುರಿದರೆ ತಿಳಿನೀಲಿ ಬಣ್ಣದ ಆ ದ್ರವ ಧ್ರುವಗಳಿಗೆ ಅಂಟಿಕೊಂಡು ನಿಲ್ಲುತ್ತದೆ. ಅದರಲ್ಲಿ ಜೋಡಿಯಾಗದ ಎರಡು ಎಲೆಕ್ಟ್ರಾನುಗಳಿವೆ ಎಂಬುದಕ್ಕೆ ಇದು ಸಾಕ್ಷಿ. ಲೂಯಿಸ್‌ನ ದ್ವಿಬಂಧದ ಚಿತ್ರದಲ್ಲಿ ಎಲ್ಲ ಎಲೆಕ್ಟ್ರಾನುಗಳೂ ಜೋಡಿಯಾಗಿವೆ; ಅಣುಕಕ್ಷಕ ಸಿದ್ಧಾಂತ ಮಾತ್ರ ಜೋಡಿಯಾಗದ ಈ ಎರಡು ಎಲೆಕ್ಟ್ರಾನುಗಳನ್ನು ಸಹಜವಾಗಿ ವಿವರಿಸುತ್ತದೆ.

ಅಣುಗಳ ನಡುವಣ ಸೆಳೆತ

ಅಣುವಿನ ಒಳಗಿನ ಬಂಧಕ್ಕೆ ಹೋಲಿಸಿದರೆ ಅಣು ಅಣುಗಳ ನಡುವಣ ಸೆಳೆತ ಬಹಳ ಕ್ಷೀಣ. ಧ್ರುವೀಯ ಅಣುಗಳಲ್ಲಿ ಒಂದರ ಧನ ತುದಿ ಇನ್ನೊಂದರ ಋಣ ತುದಿಯನ್ನು ಸೆಳೆಯುತ್ತದೆ. ಧ್ರುವೀಯವಲ್ಲದ ಅಣುಗಳಲ್ಲೂ ಎಲೆಕ್ಟ್ರಾನುಗಳ ಕ್ಷಣಿಕ ಏರುಪೇರು ಪಕ್ಕದ ಅಣುವಿನಲ್ಲಿ ಅಂಥದೇ ಏರುಪೇರನ್ನು ಪ್ರೇರಿಸಿ ಸೆಳೆತ ಹುಟ್ಟಿಸುತ್ತದೆಂದು ಫ್ರಿಟ್ಜ್ ಲಂಡನ್ 1930ರಲ್ಲಿ ತೋರಿಸಿದ. ಎಲೆಕ್ಟ್ರಾನುಗಳು ಹೆಚ್ಚಿದಂತೆ ಈ ಸೆಳೆತ ಬಲಿಯುತ್ತದೆ. ಜಡಾನಿಲಗಳ ಕುದಿಬಿಂದುಗಳು ಇದನ್ನು ಸ್ಪಷ್ಟವಾಗಿ ತೋರುತ್ತವೆ: ಹೀಲಿಯಮ್ −269°, ನಿಯಾನ್ −246°, ಆರ್ಗಾನ್ −186°, ಕ್ರಿಪ್ಟಾನ್ −153°, ಜ಼ೆನಾನ್ −108° ಸೆ.

ಫ್ಲೋರಿನ್, ಆಕ್ಸಿಜನ್ ಅಥವಾ ನೈಟ್ರೊಜನ್ನಿಗೆ ಅಂಟಿದ ಹೈಡ್ರೊಜನ್ ನೆರೆಯ ಅಣುವಿನ ಅಂಥ ಪರಮಾಣುವಿನ ಕಡೆಗೂ ಸೆಳೆಯಲ್ಪಡುವುದು ಹೈಡ್ರೊಜನ್ ಬಂಧದ ಪರಿಚಿತ ರೂಪ. ನೀರಿನಲ್ಲಿ ಇದರ ಶಕ್ತಿ ಮೋಲಿಗೆ ಸುಮಾರು 20 ಕಿಲೋಜೂಲ್. ನೀರಿಗಿಂತ ಭಾರವಾದ ಹೈಡ್ರೊಜನ್ ಸಲ್ಫೈಡ್ −60° ಸೆ.ನಲ್ಲೇ ಕುದಿದು ಅನಿಲವಾದರೆ ನೀರು 100° ಸೆ.ವರೆಗೂ ದ್ರವವಾಗಿಯೇ ಉಳಿಯುವುದು ಇದರಿಂದ. ದುರ್ಬಲವಾದ ಇತರ ಹಲವು ಸೆಳೆತಗಳೂ ಇದೇ ಜಾತಿಯವೆಂದು ತಿಳಿದುಬಂದ ಮೇಲೆ, ಅಂತರರಾಷ್ಟ್ರೀಯ ಶುದ್ಧ ಮತ್ತು ಅನ್ವಯಿಕ ರಸಾಯನವಿಜ್ಞಾನ ಒಕ್ಕೂಟ 2011ರಲ್ಲಿ ಹೈಡ್ರೊಜನ್ ಬಂಧಕ್ಕೆ ಹೊಸ ವ್ಯಾಖ್ಯೆ ನೀಡಿತು. ಅದನ್ನು ರೂಪಿಸಿದ ತಂಡದ ನೇತೃತ್ವ ವಹಿಸಿದ್ದವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಇ. ಅರುಣನ್, ಅದೇ ಸಂಸ್ಥೆಯ ಗೌತಮ್ ದೇಶಿರಾಜು ತಂಡದಲ್ಲಿದ್ದರು.

ಅನಿಲ ನಿಯಮಗಳು

ತಾಪ ಬದಲಾಗದಿದ್ದರೆ ಗೊತ್ತಾದ ತೂಕದ ಅನಿಲದ ಒತ್ತಡ ಮತ್ತು ಗಾತ್ರಗಳ ಗುಣಲಬ್ಧ ಸ್ಥಿರ (ಬಾಯ್ಲ್ ನಿಯಮ). ಒತ್ತಡ ಬದಲಾಗದಿದ್ದರೆ ತಾಪ ಒಂದು ಡಿಗ್ರಿ ಏರಿದಾಗ ಗಾತ್ರ, 0° ಸೆ.ನಲ್ಲಿದ್ದುದರ ಸುಮಾರು 273ರಲ್ಲಿ ಒಂದು ಭಾಗದಷ್ಟು ಹಿಗ್ಗುತ್ತದೆ (ಷಾರ್ಲ್ ನಿಯಮ). ಇದನ್ನೇ ಹಿಂದಕ್ಕೆ ಎಳೆದರೆ −273.15° ಸೆ.ನಲ್ಲಿ ಗಾತ್ರ ಶೂನ್ಯವಾಗಬೇಕು. ಅಲ್ಲಿಂದ ಎಣಿಕೆ ಆರಂಭವಾಗುವ ನಿರಪೇಕ್ಷ ತಾಪಮಾನವನ್ನು ಕೆಲ್ವಿನ್ 1848ರಲ್ಲಿ ಸೂಚಿಸಿದ. ಈ ನಿಯಮಗಳನ್ನೂ ಅವೊಗಾಡ್ರೊ ನಿಯಮವನ್ನೂ ಕೂಡಿಸಿದರೆ ಬರುವುದು ಆದರ್ಶ ಅನಿಲ ಸಮೀಕರಣ:

ಒತ್ತಡ × ಗಾತ್ರ = ಮೋಲ್ ಸಂಖ್ಯೆ × ಅನಿಲ ಸ್ಥಿರಾಂಕ × ಕೆಲ್ವಿನ್ ತಾಪ

ಸ್ಥಿರಾಂಕದ ಬೆಲೆ ಪ್ರತಿ ಮೋಲಿಗೆ, ಪ್ರತಿ ಕೆಲ್ವಿನ್ನಿಗೆ 8.314 ಜೂಲ್. ಸಮೀಕರಣದಲ್ಲಿ ಅನಿಲ ಯಾವುದೆಂಬ ಉಲ್ಲೇಖವೇ ಇಲ್ಲ. 0° ಸೆ., ಒಂದು ವಾಯುಮಂಡಲ ಒತ್ತಡದಲ್ಲಿ ಯಾವುದೇ ಆದರ್ಶ ಅನಿಲದ ಒಂದು ಮೋಲಿನ ಗಾತ್ರ 22.4 ಲೀಟರ್.

ಮಿಶ್ರಣದಲ್ಲಿ ಪ್ರತಿ ಅನಿಲವೂ ತಾನೊಂದೇ ಇದ್ದರೆ ಒಡ್ಡುತ್ತಿದ್ದಷ್ಟೇ ಒತ್ತಡವನ್ನು (ಆಂಶಿಕ ಒತ್ತಡ) ಒಡ್ಡುತ್ತದೆ ಎಂಬುದು 1801ರ ಡಾಲ್ಟನ್ ನಿಯಮ. ಒಣಗಾಳಿಯಲ್ಲಿ ಆಕ್ಸಿಜನ್ನಿನ ಪಾಲು ಶೇ. 20.95; ಸಮುದ್ರಮಟ್ಟದಲ್ಲಿ ಅದರ ಆಂಶಿಕ ಒತ್ತಡ ಸುಮಾರು 159 ಮಿ.ಮೀ. ಪಾದರಸ. ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಒಟ್ಟು ಒತ್ತಡ 680 ಮಿ.ಮೀ. ಆಸುಪಾಸಿಗೆ ಇಳಿಯುವುದರಿಂದ ಆಕ್ಸಿಜನ್ನಿನದು ಸುಮಾರು 143 ಮಿ.ಮೀ. ಒಟ್ಟು ಒತ್ತಡದ ಈ ಇಳಿತದಿಂದಲೇ ಅಲ್ಲಿ ನೀರು ಸುಮಾರು 97° ಸೆ.ನಲ್ಲೇ ಕುದಿಯುತ್ತದೆ.

ಅನಿಲ ಹರಡುವ ವೇಗ ಅದರ ಅಣುತೂಕದ ವರ್ಗಮೂಲಕ್ಕೆ ವಿಲೋಮ ಎಂಬುದು ಗ್ರಹಾಂ ನಿಯಮ. ಹೈಡ್ರೊಜನ್ ಆಕ್ಸಿಜನ್ನಿನ ನಾಲ್ಕುಪಟ್ಟು ವೇಗದಲ್ಲಿ ಸೋರುತ್ತದೆ.

ಅಣುಚಲನ ಸಿದ್ಧಾಂತ

ಈ ನಿಯಮಗಳಿಗೆ ಕಾರಣ ಹೇಳುವುದು ಅಣುಚಲನ ಸಿದ್ಧಾಂತ. ಒತ್ತಡವೆಂದರೆ ಪಾತ್ರೆಯ ಗೋಡೆಗೆ ಕಣಗಳ ಬಡಿತ ಎಂದು ಡೇನಿಯಲ್ ಬರ್ನೂಲಿ 1738ರಲ್ಲೇ ಬರೆದಿದ್ದ. ಕ್ಲಾಸಿಯಸ್ (1857), ಮ್ಯಾಕ್ಸ್‌ವೆಲ್ (1860) ಮತ್ತು ಬೋಲ್ಟ್‌ಜ಼್‌ಮನ್ ಅದಕ್ಕೆ ಪೂರ್ಣ ಗಣಿತರೂಪ ಕೊಟ್ಟರು. ಅಣುಗಳ ಸರಾಸರಿ ಚಲನಶಕ್ತಿ ಕೆಲ್ವಿನ್ ತಾಪಕ್ಕೆ ಅನುಪಾತದಲ್ಲಿರುತ್ತದೆ. ಆದರೆ ಎಲ್ಲ ಅಣುಗಳ ವೇಗವೂ ಒಂದೇ ಅಲ್ಲ. ಕೆಲವು ನಿಧಾನ, ಕೆಲವು ತೀರ ಚುರುಕು.

25° ಸೆ.ನಲ್ಲಿ ನೈಟ್ರೊಜನ್ ಅಣುಗಳ ವರ್ಗಮಾಧ್ಯ ಮೂಲ ವೇಗ (ಒಂದು ಬಗೆಯ ಸರಾಸರಿ ವೇಗ) ಸೆಕೆಂಡಿಗೆ ಸುಮಾರು 515 ಮೀಟರ್, ಶಬ್ದಕ್ಕಿಂತ ಹೆಚ್ಚು. ಹಾಗಿದ್ದರೆ ಕೋಣೆಯ ಮೂಲೆಯಲ್ಲಿ ಹಚ್ಚಿದ ಊದುಬತ್ತಿಯ ಪರಿಮಳ ಇನ್ನೊಂದು ಮೂಲೆಗೆ ಬರಲು ಅಷ್ಟು ಹೊತ್ತು ಏಕೆ ಬೇಕು? ಇಂಥದೇ ಆಕ್ಷೇಪಕ್ಕೆ ಕ್ಲಾಸಿಯಸ್ 1858ರಲ್ಲಿ ಉತ್ತರ ಕೊಟ್ಟ: ಅಣು ನೇರವಾಗಿ ಓಡುವುದಿಲ್ಲ, ಹೆಜ್ಜೆ ಹೆಜ್ಜೆಗೂ ಡಿಕ್ಕಿ ಹೊಡೆದು ದಿಕ್ಕು ಬದಲಿಸುತ್ತದೆ. ಸಾಮಾನ್ಯ ಗಾಳಿಯಲ್ಲಿ ಎರಡು ಡಿಕ್ಕಿಗಳ ನಡುವಣ ಸರಾಸರಿ ದೂರ ಮಿಲಿಮೀಟರಿನ ಹತ್ತು ಸಾವಿರದಲ್ಲಿ ಒಂದು ಭಾಗಕ್ಕಿಂತಲೂ ಕಡಿಮೆ. ಒಂದು ಅಣುವಿಗೆ ಸೆಕೆಂಡಿಗೆ ಸುಮಾರು 700 ಕೋಟಿ ಡಿಕ್ಕಿಗಳು.

ನೈಜ ಅನಿಲಗಳು

ಆದರ್ಶ ಅನಿಲದ ಅಣುಗಳಿಗೆ ಸ್ವಂತ ಗಾತ್ರವಿಲ್ಲ, ಪರಸ್ಪರ ಸೆಳೆತವಿಲ್ಲ. ನೈಜ ಅನಿಲಗಳು ಕಡಿಮೆ ಒತ್ತಡ, ಹೆಚ್ಚು ತಾಪಗಳಲ್ಲಿ ಮಾತ್ರ ಇದನ್ನು ಹೋಲುತ್ತವೆ. ವಾನ್ ಡರ್ ವಾಲ್ಸ್ 1873ರಲ್ಲಿ ಲೈಡನ್ ವಿಶ್ವವಿದ್ಯಾಲಯಕ್ಕೆ ಒಪ್ಪಿಸಿದ ಪ್ರಬಂಧದಲ್ಲಿ ಸಮೀಕರಣಕ್ಕೆ ಎರಡು ತಿದ್ದುಪಡಿ ಸೇರಿಸಿದ. ಒಂದು ಅಣುಗಳು ಆಕ್ರಮಿಸುವ ಸ್ಥಳಕ್ಕೆ, ಇನ್ನೊಂದು ಅವುಗಳ ಸೆಳೆತಕ್ಕೆ. ಸೆಳೆತದ ಅಂಕಿ ಹೀಲಿಯಮ್‌ಗಿಂತ ನೈಟ್ರೊಜನ್ನಿಗೆ ಸುಮಾರು 40 ಪಟ್ಟು, ನೀರಾವಿಗೆ ಸುಮಾರು 160 ಪಟ್ಟು. ಅನಿಲ ಯಾವುದೆಂದು ಕೇಳದ ಸಮೀಕರಣದೊಳಕ್ಕೆ ಅಣುವಿನ ರಚನೆ ಹೀಗೆ ಪ್ರವೇಶ ಪಡೆಯಿತು. 1910ರ ಭೌತವಿಜ್ಞಾನದ ನೊಬೆಲ್ ಈ ಕೆಲಸಕ್ಕೆ ಸಂದಿತು.

ಪ್ರತಿ ಅನಿಲಕ್ಕೂ ಒಂದು ಕ್ರಾಂತಿಕ ತಾಪವಿದೆ. ಅದಕ್ಕಿಂತ ಮೇಲೆ ಎಷ್ಟೇ ಒತ್ತಿದರೂ ಅನಿಲ ದ್ರವವಾಗದು. ಆಂಡ್ರೂಸ್ 1869ರಲ್ಲಿ ಕಾರ್ಬನ್ ಡೈಆಕ್ಸೈಡಿಗೆ ಇದು ಸುಮಾರು 31° ಸೆ. ಎಂದು ಕಂಡುಕೊಂಡ. ಶಾಶ್ವತ ಅನಿಲಗಳೆನಿಸಿಕೊಂಡಿದ್ದವು ದ್ರವವಾಗದಿದ್ದುದು ಸಾಕಷ್ಟು ತಣಿಸದೆ ಒತ್ತಿದ್ದರಿಂದ ಎಂದು ಆಗ ತಿಳಿಯಿತು. 1877ರಲ್ಲಿ ಆಕ್ಸಿಜನ್, 1898ರಲ್ಲಿ ಹೈಡ್ರೊಜನ್, ಕೊನೆಗೆ 1908ರಲ್ಲಿ ಲೈಡನ್ನಿನ ಕಾಮರ್ಲಿಂಗ್ ಓನ್ಸ್ ಕೈಯಲ್ಲಿ ಹೀಲಿಯಮ್ ದ್ರವವಾದವು.

ಅನಿಲದಲ್ಲಿ ಕಾಣುವ ಬಂಧದ ಗುರುತುಗಳು

ಅನಿಲ ನಿಯಮದಿಂದ ಅಣುತೂಕ ಅಳೆಯಬಹುದಾದ್ದರಿಂದ, ಅಳತೆ ನಿರೀಕ್ಷೆಗೆ ಹೊಂದದಿದ್ದಾಗ ಅಣುಗಳು ಒಡೆಯುತ್ತಿವೆಯೆಂದೋ ಕೂಡುತ್ತಿವೆಯೆಂದೋ ತಿಳಿಯುತ್ತದೆ. ಬಂಧದ ವಿಷಯದಲ್ಲಿ ಅನಿಲಗಳು ಕೊಟ್ಟಿರುವ ಅತ್ಯಂತ ಬೆಲೆಯುಳ್ಳ ಸಾಕ್ಷ್ಯ ಇಂಥ ವ್ಯತ್ಯಾಸಗಳಲ್ಲಿದೆ.

ಅಸಿಟಿಕ್ ಆಮ್ಲದ ಅಣುತೂಕ 60. ಕುದಿಬಿಂದುವಿನ ಸಮೀಪ ಅದರ ಆವಿಯನ್ನು ಅಳೆದರೆ ಸಿಗುವ ಬೆಲೆ 60ಕ್ಕಿಂತ ಬಹಳ ಹೆಚ್ಚು. ಎರಡೆರಡು ಅಣುಗಳು ಎರಡು ಹೈಡ್ರೊಜನ್ ಬಂಧಗಳಿಂದ ಮುಖಾಮುಖಿ ಸೇರಿಕೊಂಡಿರುವುದೇ ಇದಕ್ಕೆ ಕಾರಣ. ಇನ್ನಷ್ಟು ಕಾಯಿಸಿದರೆ ಜೋಡಿಗಳು ಬಿಡಿಸಿಕೊಂಡು ಬೆಲೆ 60ರತ್ತ ಇಳಿಯುತ್ತದೆ. ನವಸಾಗರ (ಅಮೋನಿಯಮ್ ಕ್ಲೋರೈಡ್) ಇದಕ್ಕೆ ವಿರುದ್ಧ. ಅದರ ಆವಿಯ ಸಾಂದ್ರತೆ ನಿರೀಕ್ಷೆಯ ಅರ್ಧದಷ್ಟೇ, ಏಕೆಂದರೆ ಆವಿಯಲ್ಲಿರುವುದು ಅಮೋನಿಯ ಮತ್ತು ಹೈಡ್ರೊಜನ್ ಕ್ಲೋರೈಡ್ ಎಂಬ ಎರಡು ಬೇರೆ ಅನಿಲಗಳು.

ನೈಟ್ರೊಜನ್ ಡೈಆಕ್ಸೈಡಿನಲ್ಲಿ ಬಂಧ ಮುರಿಯುವುದನ್ನು ಕಣ್ಣಿನಿಂದಲೇ ನೋಡಬಹುದು. ಈ ಕಂದು ಅನಿಲವನ್ನು ತುಂಬಿ ಮುಚ್ಚಿದ ಗಾಜಿನ ಕೊಳವೆಯನ್ನು ಮಂಜುಗಡ್ಡೆಯಲ್ಲಿಟ್ಟರೆ ಬಣ್ಣ ಮಾಸುತ್ತದೆ, ಬಿಸಿನೀರಿನಲ್ಲಿಟ್ಟರೆ ಕಡುಗಂದಾಗುತ್ತದೆ. ಎರಡು ಅಣುಗಳು ಸೇರಿ ಆಗುವ ಡೈನೈಟ್ರೊಜನ್ ಟೆಟ್ರಾಕ್ಸೈಡಿಗೆ ಬಣ್ಣವಿಲ್ಲ. ಅವನ್ನು ಸೇರಿಸಿರುವ ನೈಟ್ರೊಜನ್–ನೈಟ್ರೊಜನ್ ಬಂಧದ ಶಕ್ತಿ ಮೋಲಿಗೆ ಸುಮಾರು 57 ಕಿಲೋಜೂಲ್ ಮಾತ್ರವಾದ್ದರಿಂದ ಬಿಸಿನೀರಿನ ತಾಪವೇ ಅದನ್ನು ಅಲುಗಿಸಬಲ್ಲದು. ಗಾಳಿಯ ನೈಟ್ರೊಜನ್ನಿನಲ್ಲಿ ಅದೇ ಎರಡು ಪರಮಾಣುಗಳ ಬಂಧಕ್ಕೆ 945 ಕಿಲೋಜೂಲ್ ಎಂಬುದನ್ನು ಇಲ್ಲಿ ನೆನೆಯಬೇಕು. ಬಂಧದ ಬಲ ಧಾತುವಿನದಷ್ಟೇ ಅಲ್ಲ, ಸುತ್ತಲಿನ ವಿನ್ಯಾಸದ್ದೂ ಹೌದು.

ಸ್ಥಿರ ಒತ್ತಡ ಮತ್ತು ಸ್ಥಿರ ಗಾತ್ರಗಳಲ್ಲಿ ಅಳೆದ ಅನಿಲದ ವಿಶಿಷ್ಟೋಷ್ಣಗಳ ಅನುಪಾತವೂ ಬಂಧವಿದೆಯೋ ಇಲ್ಲವೋ ಹೇಳುತ್ತದೆ. ಒಂಟಿ ಪರಮಾಣುಗಳ ಅನಿಲಕ್ಕೆ ಅದು 1.67, ಎರಡು ಪರಮಾಣುಗಳ ಅಣುಗಳಿಗೆ ಸುಮಾರು 1.40, ಅಣು ತಿರುಗುವುದರಲ್ಲಿಯೂ ಉಷ್ಣ ಖರ್ಚಾಗುವುದೇ ವ್ಯತ್ಯಾಸಕ್ಕೆ ಕಾರಣ. ರ‍್ಯಾಲಿ ಮತ್ತು ರ‍್ಯಾಮ್ಸೆ 1894ರಲ್ಲಿ ಗಾಳಿಯಿಂದ ಬೇರ್ಪಡಿಸಿದ ಆರ್ಗಾನಿನಲ್ಲಿ ಈ ಅನುಪಾತ 1.67ರ ಹತ್ತಿರ ಬಂದಿತು. ಯಾವುದರೊಡನೆಯೂ ಕೂಡದ ಅನಿಲವೊಂದರಲ್ಲಿ ಅಣುವಿಗೆ ಒಂದೇ ಪರಮಾಣು ಎಂಬ ನಿರ್ಣಯಕ್ಕೆ ಇದೇ ಆಧಾರವಾಯಿತು. ಜಡಾನಿಲಗಳಿಗೆ ಬಂಧವೇ ಇಲ್ಲ ಎಂಬ ನಂಬಿಕೆ 1962ರಲ್ಲಿ ಮುರಿಯಿತು. ಆಕ್ಸಿಜನ್ ಅಣುವಿನಿಂದಲೂ ಜ಼ೆನಾನಿನಿಂದಲೂ ಎಲೆಕ್ಟ್ರಾನನ್ನು ಕಿತ್ತುಕೊಳ್ಳಲು ಬೇಕಾದ ಶಕ್ತಿ ಹೆಚ್ಚುಕಡಿಮೆ ಒಂದೇ ಎಂದು ಗಮನಿಸಿದ ನೀಲ್ ಬಾರ್ಟ್ಲೆಟ್, ಆಕ್ಸಿಜನ್ನಿನೊಡನೆ ಕೂಡಬಲ್ಲದೆಂದು ಗೊತ್ತಾಗಿದ್ದ ಪ್ಲಾಟಿನಮ್ ಹೆಕ್ಸಾಫ್ಲೋರೈಡನ್ನು ಜ಼ೆನಾನ್ ಜೊತೆ ಬೆರೆಸಿ ಹಳದಿ-ಕಿತ್ತಳೆ ಘನವನ್ನು ಪಡೆದರು.

ಬಂಧಗಳ ಕಂಪನವೂ ಅನಿಲದ ಗುಣವನ್ನು ನಿರ್ಧರಿಸುತ್ತದೆ. ನೈಟ್ರೊಜನ್, ಆಕ್ಸಿಜನ್ ಅಣುಗಳ ಬಂಧ ಹಿಗ್ಗಿ ಕುಗ್ಗಿದರೂ ವಿದ್ಯುತ್ ಹಂಚಿಕೆ ಬದಲಾಗದ ಕಾರಣ ಅವು ಅವಗೆಂಪು ಕಿರಣಗಳನ್ನು ಹೀರುವುದಿಲ್ಲ. ಕಾರ್ಬನ್ ಡೈಆಕ್ಸೈಡ್ ಮತ್ತು ನೀರಾವಿ ಹೀರುತ್ತವೆ. ಟಿಂಡಲ್ 1859ರಿಂದ ನಡೆಸಿದ ಅಳತೆಗಳು ಇದನ್ನು ಸ್ಥಾಪಿಸಿದವು. ಭೂಮಿಯ ಹಸಿರುಮನೆ ಪರಿಣಾಮಕ್ಕೆ ಇದೇ ಮೂಲ. ಅವಗೆಂಪಿಗೆ ಸ್ಪಂದಿಸದ ನೈಟ್ರೊಜನ್, ಆಕ್ಸಿಜನ್‌ಗಳ ಕಂಪನ 1928ರಲ್ಲಿ ಸಿ. ವಿ. ರಾಮನ್ ಕಂಡುಹಿಡಿದ ರಾಮನ್ ಪರಿಣಾಮದಲ್ಲಿ, ಅಂದರೆ ಚದರಿದ ಬೆಳಕಿನ ಬಣ್ಣದ ಬದಲಾವಣೆಯಲ್ಲಿ, ಕಾಣಸಿಗುತ್ತದೆ.

ಉಪಯೋಗಗಳು

ನೈಟ್ರೊಜನ್ನಿನ ತ್ರಿಬಂಧವನ್ನು ಕೈಗಾರಿಕೆಯಲ್ಲಿ ಮುರಿದು ಹೈಡ್ರೊಜನ್ನಿನೊಡನೆ ಅಮೋನಿಯವಾಗಿ ಕೂಡಿಸುವ ಹೇಬರ್–ಬಾಷ್ ವಿಧಾನ 1913ರಲ್ಲಿ ಜರ್ಮನಿಯ ಓಪ್ಪಾವಿನಲ್ಲಿ ಆರಂಭವಾಯಿತು. ಕಬ್ಬಿಣದ ವೇಗವರ್ಧಕ, 400–500° ಸೆ. ತಾಪ, ನೂರಾರು ವಾಯುಮಂಡಲ ಒತ್ತಡ ಅದಕ್ಕೆ ಬೇಕು. ಬಂಧ ಮುರಿಯಲು ಬಿಸಿ, ನಾಲ್ಕು ಪಾಲು ಅನಿಲವನ್ನು ಎರಡು ಪಾಲಿಗೆ ಇಳಿಸಲು ಒತ್ತಡ. ಯೂರಿಯ ಗೊಬ್ಬರಕ್ಕೆ ಬೇಕಾದ ಅಮೋನಿಯ ಬರುವುದು ಇದರಿಂದಲೇ.

ಅಡುಗೆ ಅನಿಲದ ಪ್ರೊಪೇನ್ (ಕ್ರಾಂತಿಕ ತಾಪ ಸುಮಾರು 97° ಸೆ.) ಮತ್ತು ಬ್ಯೂಟೇನ್ (ಸುಮಾರು 152° ಸೆ.) ಸಾಮಾನ್ಯ ತಾಪದಲ್ಲಿ ಸಾಧಾರಣ ಒತ್ತಡಕ್ಕೇ ದ್ರವವಾಗುತ್ತವೆ. ಮೀಥೇನಿನ ಕ್ರಾಂತಿಕ ತಾಪ −82.6° ಸೆ. ಆದ್ದರಿಂದ ಮುಖ್ಯವಾಗಿ ಮೀಥೇನೇ ಆದ, ವಾಹನಗಳ ಸಿಎನ್‌ಜಿಯನ್ನು ದ್ರವವಾಗಿಸದೆ, ಅನಿಲವಾಗಿಯೇ ಸುಮಾರು 200 ಬಾರ್ ಒತ್ತಡದಲ್ಲಿ ತುಂಬುತ್ತಾರೆ. ಸಿಎನ್‌ಜಿ ಖರ್ಚಾದಂತೆ ಒತ್ತಡ ಇಳಿಯುತ್ತದೆ. ಅಡುಗೆ ಸಿಲಿಂಡರಿನಲ್ಲಿ ದ್ರವ ಇರುವವರೆಗೂ ಒತ್ತಡ ಹೆಚ್ಚುಕಡಿಮೆ ಹಾಗೆಯೇ ಇರುತ್ತದೆ. ಎಷ್ಟು ಉಳಿದಿದೆಯೆಂದು ತಿಳಿಯಲು ತೂಗಬೇಕು. ವೆಲ್ಡಿಂಗಿಗೆ ಬಳಸುವ ಅಸಿಟಿಲೀನನ್ನು ಹೀಗೆ ಒತ್ತಿ ತುಂಬುವಂತಿಲ್ಲ. ತ್ರಿಬಂಧವಿರುವ ಆ ಅಣು ಒತ್ತಡದಲ್ಲಿ ಸ್ಫೋಟಕವಾಗಿ ವಿಭಜನೆಯಾಗಬಲ್ಲದಾದ್ದರಿಂದ, ರಂಧ್ರಮಯ ಪದಾರ್ಥ ತುಂಬಿದ ಸಿಲಿಂಡರಿನಲ್ಲಿ ಅಸಿಟೋನಿನಲ್ಲಿ ಕರಗಿಸಿ ಇಡುತ್ತಾರೆ.

ಆಸ್ಪತ್ರೆ ಮತ್ತು ಮನೆಗಳಲ್ಲಿ ಬಳಸುವ ಆಕ್ಸಿಜನ್ ಕಾನ್ಸಂಟ್ರೇಟರ್ ಕ್ಷೀಣ ಸೆಳೆತವನ್ನು ಬಳಸಿಕೊಳ್ಳುತ್ತದೆ. ಅದರೊಳಗಿನ ಜ಼ಿಯೊಲೈಟ್ ಹರಳುಗಳ ಅಯಾನುಗಳಿಗೆ ನೈಟ್ರೊಜನ್ ಆಕ್ಸಿಜನ್ನಿಗಿಂತ ಹೆಚ್ಚು ಅಂಟಿಕೊಳ್ಳುತ್ತದೆ. ಒತ್ತಡದಲ್ಲಿ ಗಾಳಿಯನ್ನು ಹಾಯಿಸಿದಾಗ ಆಕ್ಸಿಜನ್ ಮುಂದೆ ಸಾಗಿ, ಒತ್ತಡ ಇಳಿಸಿದಾಗ ಹಿಂದೆ ಉಳಿದ ನೈಟ್ರೊಜನ್ ಹೊರಹೋಗುತ್ತದೆ.

ಇಂದಿನ ಸ್ಥಿತಿ

ಬಂಧ ಮತ್ತು ಅನಿಲಗಳ ಮೂಲ ನಿಯಮಗಳು ಸ್ಥಿರವಾಗಿವೆ. ಸಂಶೋಧನೆ ತುದಿಗಳಲ್ಲಿ ನಡೆದಿದೆ. 2009ರಲ್ಲಿ ಜ಼ೂರಿಕ್‌ನ ಐಬಿಎಂ ಪ್ರಯೋಗಾಲಯ ಪರಮಾಣು ಬಲ ಸೂಕ್ಷ್ಮದರ್ಶಕದಿಂದ ಪೆಂಟಸೀನ್ ಎಂಬ ಒಂದೇ ಅಣುವಿನ ಐದು ಉಂಗುರಗಳನ್ನು ಚಿತ್ರಿಸಿತು. ಬಂಧ ಮುರಿಯುವ ಕ್ಷಣವನ್ನು ಅತಿಹ್ರಸ್ವ ಲೇಸರ್ ಮಿಡಿತಗಳಿಂದ ಹಿಂಬಾಲಿಸಿದ ಅಹ್ಮದ್ ಜ಼ುವೈಲ್‌ಗೆ 1999ರಲ್ಲಿ ನೊಬೆಲ್ ಸಂದಿತ್ತು. ಬಂಧವೇ ಇಲ್ಲವೆಂದು ತಿಳಿದಿದ್ದ ಹೀಲಿಯಮ್‌ನಲ್ಲಿ ಕೂಡ, ನಿರಪೇಕ್ಷ ಶೂನ್ಯಕ್ಕೆ ತೀರ ಸಮೀಪ, ಎರಡು ಪರಮಾಣುಗಳ ಜೋಡಿ ಉಳಿಯುತ್ತದೆಂದು 1990ರ ದಶಕದ ಪ್ರಯೋಗಗಳು ತೋರಿಸಿದವು. ಅವುಗಳ ಸರಾಸರಿ ಅಂತರ ಸುಮಾರು 5,000 ಪಿಕೋಮೀಟರ್, ಹೈಡ್ರೊಜನ್ ಅಣುವಿನ ಬಂಧದೂರದ 60 ಪಟ್ಟಿಗೂ ಹೆಚ್ಚು. 1995ರಲ್ಲಿ ರುಬಿಡಿಯಮ್ ಅನಿಲವನ್ನು ಇನ್ನಷ್ಟು ತಣಿಸಿ, ಪರಮಾಣುಗಳೆಲ್ಲ ಒಂದೇ ಕ್ವಾಂಟಮ್ ಸ್ಥಿತಿಗೆ ಇಳಿಯುವ ಬೋಸ್–ಐನ್‌ಸ್ಟೈನ್ ಸಾಂದ್ರವನ್ನು ಪಡೆಯಲಾಯಿತು.

ಲೋಹದ ಅಯಾನುಗಳನ್ನು ಕಾರ್ಬನಿಕ ಅಣುಗಳ ಸೇತುವೆಗಳಿಂದ ಜೋಡಿಸಿ ಕಟ್ಟುವ ಲೋಹ–ಕಾರ್ಬನಿಕ ಚೌಕಟ್ಟುಗಳ ಅಧ್ಯಯನದಲ್ಲಿ ಬಂಧ ಮತ್ತು ಅನಿಲಗಳೆಂಬ ಎರಡೂ ವಿಷಯಗಳು ಒಟ್ಟಿಗೆ ಬರುತ್ತವೆ. ಇವುಗಳ ಒಳಗಣ ರಂಧ್ರಗಳ ಅಳತೆಯನ್ನೂ ಗೋಡೆಗಳ ಸೆಳೆತವನ್ನೂ ಬೇಕಾದಂತೆ ರೂಪಿಸಬಹುದು. ಕೆಲವುಗಳಲ್ಲಿ ಒಂದು ಗ್ರಾಮಿನ ಒಳಮೇಲ್ಮೈ ಸಾವಿರಾರು ಚದರ ಮೀಟರ್. ಕಾರ್ಬನ್ ಡೈಆಕ್ಸೈಡನ್ನು ಹೊಗೆಯಿಂದ ಬೇರ್ಪಡಿಸಲು, ಹೈಡ್ರೊಜನ್ನನ್ನು ಕಡಿಮೆ ಒತ್ತಡದಲ್ಲಿ ದಾಸ್ತಾನು ಮಾಡಲು, ಒಣಹವೆಯಿಂದ ನೀರನ್ನು ಹಿಡಿಯಲು ಇವುಗಳ ಬಳಕೆ ಪರೀಕ್ಷೆಯಲ್ಲಿದೆ. ಈ ಚೌಕಟ್ಟುಗಳನ್ನು ಬೆಳೆಸಿದ ಸುಸುಮು ಕಿಟಗಾವ, ರಿಚರ್ಡ್ ರಾಬ್ಸನ್ ಮತ್ತು ಒಮರ್ ಯಾಘಿ 2025ರ ರಸಾಯನವಿಜ್ಞಾನದ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡರು.